ನಿನ್ನ ಮಂಚದ ಮೇಲೆ ಕೂರದವರು

ಕತಾರ್, 1998

ನನ್ನ ರೂಮ್‌ಮೇಟ್ ಪ್ರಕಾಶನಿಗೆ,

ಬೇರೆ ಏನೆಂದು ಬರೆಯಲಿ? ಮೆಸಯೀದಿನ ಈ ಕಂಪನಿ ಕ್ವಾರ್ಟರ್ಸಿನಲ್ಲಿ ನಮಗಿದ್ದ ಹೆಸರು ಅದೊಂದೇ. ಈ ಕಾಗದವನ್ನೂ ಬರೆದು ಹರಿದುಹಾಕುವವನೇ ನಾನು. ಗೋಡೆಗೂ ಕಿವಿ ಇರುತ್ತೆ ಎಂದಾಗಲೆಲ್ಲ ನೀನು ನಗುತ್ತಿದ್ದೆಯಲ್ಲ...

ನಾವು ಬಂದ ದಿನ ನೆನಪಿದೆಯಾ? ನಮ್ಮ ಸಂಬಳಕ್ಕೆ ಫ್ಯಾಮಿಲಿ ವೀಸಾ ಇಲ್ಲ, ಇಲ್ಲಿ ಎಲ್ಲರೂ ಬ್ಯಾಚುಲರೇ ಎಂದು ಕ್ಯಾಂಪ್ ಬಾಸ್ ಇಬ್ಬರಿಗೊಂದು ಕೋಣೆ ಕೊಟ್ಟ. ನಮ್ಮಿಬ್ಬರ ವಿಷಯ ಗೊತ್ತಾದರೆ ಜೈಲು ಎನ್ನುವ ದೇಶದಲ್ಲಿ ನಮ್ಮ ಮನೆಯ ಬೀಗದ ಕೈಯನ್ನು ಕಂಪನಿಯೇ ಕೊಟ್ಟಿತ್ತು. ಆರು ವರ್ಷ ಯಾರೂ ಏನೂ ಕೇಳಲಿಲ್ಲ. ಕೇಳದವರ ಮೇಲೇ ನನಗೆ ಹೆಚ್ಚು ಅನುಮಾನ.

ಪ್ಲಾಂಟಿನಲ್ಲಿ ನೀನು ಎದೆ ಹಿಡಿದುಕೊಂಡು ಬಿದ್ದೆ, ಮತ್ತೆ ಏಳಲಿಲ್ಲ. ನಿನ್ನ ದೇಹದ ಜೊತೆ ಊರಿಗೆ ಹೋಗಲು ಸಂಬಂಧಿಕರೇ ಬೇಕೆಂದರು. ದುಬೈಯಿಂದ ನಿನ್ನ ಭಾವ ಬಂದರು. ನಾನು ಸೂಟ್‌ಕೇಸ್ ಕಟ್ಟಿಕೊಟ್ಟೆ, ಅಷ್ಟೆ. ಮಾತಾಡಿಸಲು ಬಂದವರೆಲ್ಲ ನಿನ್ನ ಮಂಚದ ಮೇಲೆ ಸಾಲಾಗಿ ಕೂತು ಟೀ ಕುಡಿದರು. ಪಕ್ಕದ ಕೋಣೆಯ ಉಳ್ಳಾಲದ ಇಬ್ರಾಹಿಂ ಮಾತ್ರ ನೆಲದ ಮೇಲೆ ಕೂತರು. ಯಾಕೆ? ಇವರಿಗೆ ಏನು ಗೊತ್ತಿದೆ? ಅವತ್ತಿನಿಂದ ಅವರನ್ನು ಕಂಡರೆ ದಾರಿ ಬದಲಿಸುತ್ತಿದ್ದೆ.

ಕಳೆದ ಶುಕ್ರವಾರ ಅವರೇ ನಮಾಜು ಮುಗಿಸಿ, ಕೋಳಿ ಸಾರು ಹಿಡಿದು ಬಂದರು. ಮತ್ತೆ ನೆಲದ ಮೇಲೇ. ಊಟದ ನಡುವೆ ಮೆಲ್ಲಗೆ ಹೇಳಿದರು: "ಹಾಲೆಂಡಲ್ಲಿ ಈಗ ಇಬ್ರು ಗಂಡಸ್ರು ಜೋಡಿ ಅಂತ ಸರ್ಕಾರದಲ್ಲಿ ಹೆಸರು ಬರೆಸ್ಬಹುದಂತೆ. ಮದುವೆ ಅಂತ ಹೇಳುದಿಲ್ಲ, ಆದ್ರೆ ಹೆಚ್ಚುಕಮ್ಮಿ ಅದೇ. ರೇಡಿಯೋದಲ್ಲಿ ಬಂತು."

ಇದೇನು ಬಲೆಯೋ ಎಂದುಕೊಂಡೆ. ಅದನ್ನು ನನಗ್ಯಾಕೆ ಹೇಳುತ್ತೀರಿ ಎಂದು ಸಿಡುಕಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ನಿಮ್ಗೆ ಹೇಳ್ಲಿಕ್ಕೆ ಇನ್ಯಾರಿದ್ದಾರೆ ಮಾರಾಯ್ರೆ?" ಎಂದರು. ತಟ್ಟೆ ತೊಳೆದಿಟ್ಟು ಹೋದರು.

ಆಮೇಲೆ ತುಂಬಾ ಹೊತ್ತು ಅತ್ತೆ, ಪ್ರಕಾಶ. ನೀನು ಹೋದಮೇಲೆ ಅದೇ ಮೊದಲು. ಹಾಲೆಂಡಿನವರನ್ನೂ ನಾನು ಪೂರ್ತಿ ನಂಬುವುದಿಲ್ಲ. ಎಲ್ಲ ಕೊಟ್ಟು ಮದುವೆ ಎಂಬ ಹೆಸರನ್ನು ಮಾತ್ರ ಯಾಕೆ ಹಿಡಿದಿಟ್ಟುಕೊಂಡರು? ಆದರೂ ಅಲ್ಲಿ ಆಗಿದ್ದರೆ ವಿಮಾನದಲ್ಲಿ ನಿನ್ನ ಜೊತೆ ಬರುತ್ತಿದ್ದವನು ನಾನೇ ಅಲ್ಲವಾ...

ನಾಳೆ ಮತ್ತೆ ಶುಕ್ರವಾರ. ಇಬ್ರಾಹಿಂ ಬಂದರೆ ನಿನ್ನ ಮಂಚ ತೋರಿಸಿ, ಮೇಲೆ ಕೂತುಕೊಳ್ಳಿ, ಪ್ರಕಾಶ ಬೇಡ ಎನ್ನುತ್ತಿರಲಿಲ್ಲ ಎಂದು ಹೇಳುತ್ತೇನೆ. ಅವರು ಬಾಯಿ ಬಿಟ್ಟರೆ ನನ್ನ ಗತಿ ಏನೆಂಬ ಹೆದರಿಕೆ ಈಗಲೂ ಇದೆ. ಆದರೂ ನಾಳೆ ಅವರ ಎದುರು ನಿನ್ನನ್ನು ರೂಮ್‌ಮೇಟ್ ಎನ್ನುವುದಿಲ್ಲ.