ನಳಿಗೆ ಬಡಿದ ಬೆರಳುಗಳು

ಶೂಟಿಂಗ್ ರೇಂಜಿನ ಹಿಂಬದಿಯ ರಿಪೇರಿ ಕೋಣೆ
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಗುಂಡೂ,

ಹೇಗಿದ್ದೀಯ? ಕೈನೋವು ಕಡಿಮೆಯಾಯಿತೇ? ಪಟ್ಟಿ ಕಟ್ಟಿದ ಕೈಯನ್ನು ಜೋತುಬಿಡಬೇಡ, ಮಲಗುವಾಗ ದಿಂಬಿನ ಮೇಲೆ ಎತ್ತಿಡು. ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀಯೋ, ಒಂದೇ ಕೈಯಲ್ಲಿ ಬಡಿಸಿಕೊಳ್ಳಲು ಬೇಜಾರೆಂದು ಹಾಗೇ ಇದ್ದುಬಿಡುತ್ತೀಯೋ? ನನ್ನ ಚಿಂತೆ ಬೇಡ, ಗಟ್ಟಿಮುಟ್ಟಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಜಗಳಕ್ಕೆ ನಿಲ್ಲುತ್ತದೆ. ಪತ್ರ ಮನೆಗೆ ಬಾರದೆ ನಿನ್ನ ಕಚೇರಿಗೆ ಬಂದದ್ದಕ್ಕೆ ಹುಬ್ಬೇರಿಸಬೇಡ. ಫೋನ್ ಮಾಡಿದಾಗಲೆಲ್ಲ ಅಳಿಯಂದಿರು ಪಕ್ಕದಲ್ಲೇ ಕೂತಿರುತ್ತಾರೆ. ನಾನು ಸ್ಪ್ರಿಂಗು, ಪಿಸ್ಟನ್ನು ಎಂದು ಶುರುಮಾಡಿದರೆ ಅವರಿಗೆ ತಲೆ ಚಿಟ್ಟು ಹಿಡಿಯುತ್ತದೆ.

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. "ಪೆಲೆಟ್ ಹಾಕುವಾಗ ನಳಿಗೆ ಹಾರಿ ಎಡಗೈಯ ಎರಡು ಬೆರಳು ಮುರೀತು ಅಮ್ಮಾ. ಸ್ಪ್ರಿಂಗ್ ರೈಫಲ್ ಸಹವಾಸ ಸಾಕು. ಕೈ ಸರಿಹೋದ ಮೇಲೆ ಮತ್ತೆ ಗುರಿ ಅಭ್ಯಾಸ ಶುರು ಮಾಡ್ತೀನಿ. ಗಾಳಿ ತುಂಬಿಸೋ ಪಿಸಿಪಿ ರೈಫಲ್ ತಗೊಳ್ಳಲಾ?" ಎಂದಿದ್ದೀಯ. ಎರಡು ವರ್ಷದಿಂದ ರೈಫಲಿನ ಹೆಸರೆತ್ತದವಳು ಹೀಗೆ ಕೇಳಿದ್ದಕ್ಕೆ ಖುಷಿಯಾಯಿತು. ಬೆರಳಿನ ಸಾಲನ್ನು ಮಾತ್ರ ಕನ್ನಡಕ ಒರೆಸಿ ಮತ್ತೆ ಓದಿದೆ. ಆದರೆ ಕೇಳಿದ ಪ್ರಶ್ನೆಗೆ ಮೊದಲು ಉತ್ತರ ಕೊಡಬೇಕಲ್ಲ, ಹದಿನೆಂಟು ವರ್ಷ ಇದೇ ಮೇಜಿನ ಮುಂದೆ ಕೂತು ರೈಫಲ್ ರಿಪೇರಿ ಮಾಡಿ ಅನ್ನ ತಿಂದಿದ್ದೇನೆ.

ಸ್ಪ್ರಿಂಗ್ ರೈಫಲ್ ಎಂದರೆ ಸಿಟ್ಟಿನ ಯಂತ್ರ. ನಳಿಗೆ ಮಡಚಿದಾಗ ಒಳಗೆ ಗೇಣುದ್ದದ ಉಕ್ಕಿನ ಸುರುಳಿ ಹಿಂದಕ್ಕೆ ಒತ್ತಿಕೊಂಡು ಕೂರುತ್ತದೆ. ಆಗಲೇ ಅದು ಜಾರಿದರೆ ಮಡಚಿದ ನಳಿಗೆ ರಪ್ಪನೆ ಹಾರಿ ಬಡಿಯುತ್ತದೆ. ನಳಿಗೆ ಮುಚ್ಚಿ ಟ್ರಿಗರ್ ಎಳೆದರೆ ಆ ಸುರುಳಿ ಪಿಸ್ಟನ್ನನ್ನು ಒದ್ದು ಮುಂದಕ್ಕೆ ಹಾರುತ್ತದೆ. ಸೀಸದ ಪೆಲೆಟ್ ಇನ್ನೂ ನಳಿಗೆಯಿಂದ ಹೊರಬಿದ್ದಿರುವುದಿಲ್ಲ, ಅಷ್ಟರಲ್ಲಿ ರೈಫಲ್ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಒದೆಯುತ್ತದೆ. ಅದನ್ನು ಬಿಗಿಯಾಗಿ ಹಿಡಿದವನ ಗುಂಡು ಎಲ್ಲೆಲ್ಲೋ ಹೋಗುತ್ತದೆ. ಅಂಗೈ ಬಿಚ್ಚಿ ಅದರ ಮೇಲೆ ಸುಮ್ಮನೆ ಮಲಗಿಸಬೇಕು, ಒದೆಯುವಷ್ಟು ಒದೆಯಲಿ ಎಂದು ಬಿಡಬೇಕು. ನಿನಗೆ ಒಂಬತ್ತನೇ ವಯಸ್ಸಿಗೇ ಅದು ಬಂತು. ನಿನ್ನ ಅಪ್ಪನಿಗೆ ಸಾಯುವವರೆಗೂ ಬರಲಿಲ್ಲ. ಊರಿನವರ ರೈಫಲುಗಳನ್ನೆಲ್ಲ ರಿಪೇರಿ ಮಾಡಿದ ಮನುಷ್ಯ, ತಾನು ಹಿಡಿದರೆ ಮಾತ್ರ ಕತ್ತು ಹಿಸುಕುವ ಹಾಗೆ ಹಿಡಿಯುತ್ತಿದ್ದ. ಭಾನುವಾರದ ಪಂದ್ಯದಲ್ಲಿ ಕೊನೆಯವನಾಗಿ ಮನೆಗೆ ಬಂದರೆ ಆ ಹತ್ತು ಗುಂಡಿನ ಲೆಕ್ಕ ನನ್ನ ಬೆನ್ನಿನ ಮೇಲೆ ಚುಕ್ತಾ ಆಗುತ್ತಿತ್ತು. ಬೆಲ್ಟಾದರೆ ಬೆಲ್ಟು, ನಳಿಗೆ ಒರೆಸುವ ಕಬ್ಬಿಣದ ಕಡ್ಡಿಯಾದರೆ ಕಡ್ಡಿ. ನೀನು ಮಂಚದ ಕೆಳಗೆ ಸೇರಿಕೊಂಡು ಪೆಲೆಟ್ ಡಬ್ಬಿ ಅಲ್ಲಾಡಿಸುತ್ತಿದ್ದೆ. ಆ ಸದ್ದಿನಲ್ಲಿ ನನ್ನ ಕೂಗು ಕೇಳುವುದಿಲ್ಲ ಎಂದುಕೊಂಡಿದ್ದೆ, ಅಲ್ಲವೇ?

ನಿನಗೆ ಏಳು ತುಂಬಿದ ವರ್ಷ ಅವನು ನನ್ನ ಎಡಗೈಯನ್ನು ಬಾಗಿಲಿನ ಸಂದಿಗೆ ಇಟ್ಟು ಬಾಗಿಲು ಎಳೆದ. ಎರಡು ಬೆರಳು ಮುರಿದವು. ಆಸ್ಪತ್ರೆಯ ಬೆಂಚಿನ ಮೇಲೆ ನೀನು ನನ್ನ ಸೆರಗು ಹಿಡಿದು ಪಕ್ಕದಲ್ಲೇ ಇದ್ದೆ. ಡಾಕ್ಟರು ಕೇಳಿದಾಗ ನಾನು ಕಣ್ಣು ಮಿಟುಕಿಸದೆ ಹೇಳಿದೆ: "ರೈಫಲ್ ಒರೆಸ್ತಾ ಇದ್ದೆ ಡಾಕ್ಟ್ರೇ, ನಳಿಗೆ ಹಾರಿ ಬಡೀತು." ರೈಫಲ್ ರಿಪೇರಿಯವನ ಹೆಂಡತಿ, ಯಾರು ಅನುಮಾನ ಪಡುತ್ತಾರೆ? ಅವರು "ಹುಷಾರಾಗಿರಮ್ಮಾ" ಎಂದು ಪಟ್ಟಿ ಕಟ್ಟಿ ಕಳಿಸಿದರು. ಅಷ್ಟು ಸಲೀಸಾಗಿ ನಡೆದ ಸುಳ್ಳನ್ನು ನಾನು ಜನ್ಮದಲ್ಲಿ ಇನ್ನೊಂದು ಹೇಳಿಲ್ಲ.

ಇನ್ನೊಂದು ಮಾತು ನಿನಗೆ ಗೊತ್ತಿಲ್ಲ, ಇವತ್ತು ಬರೆದುಬಿಡುತ್ತೇನೆ. ಅಪ್ಪನ ಕಣ್ಣು ಹೋದದ್ದು ಅಪಘಾತದಲ್ಲಿ ಎಂದು ಹೇಳುತ್ತಾ ಬಂದಿದ್ದೇನೆ. ಅವತ್ತು ಬೆಳಿಗ್ಗೆ ನನ್ನ ತುಟಿ ಒಡೆದು, ಅದೇ ಸಿಟ್ಟಿನಲ್ಲಿ ಬಂದು ಇಲ್ಲಿ ಒಂದು ರೈಫಲ್ ಬಿಚ್ಚಲು ಕೂತ. ಸ್ಪ್ರಿಂಗಿನ ಹಿಂದಿನ ಬಿರಡೆ ಬಿಚ್ಚುವ ಮೊದಲು ಕ್ಲಾಂಪಿನಲ್ಲಿ ಅದನ್ನು ಒತ್ತಿ ಹಿಡಿಯಬೇಕು. "ಕ್ಲಾಂಪ್ ಕೊಡೇ!" ಎಂದು ಕಿರುಚಿದ. ಕ್ಲಾಂಪ್ ನನ್ನ ಕೈಯಲ್ಲೇ ಇತ್ತು. ಬಟ್ಟೆ ತೆಗೆದುಕೊಂಡು ಅದನ್ನು ಒರೆಸತೊಡಗಿದೆ, ಕೊಟ್ಟ ಮೇಲೂ ಒರೆಸಬಹುದಿತ್ತು. ಅವನಿಗೆ ಕಾಯುವ ಜಾಯಮಾನವೇ ಇರಲಿಲ್ಲ, ಕ್ಲಾಂಪಿಲ್ಲದೆಯೇ ಬಿಚ್ಚಿದ. ಬಿರಡೆ ಹಾರಿ ಬಲಗಣ್ಣಿಗೆ ಹೊಡೆದು, ಅಲ್ಲಿಂದ ಚಾವಣಿಗೆ ಬಡಿಯಿತು. ಚಾವಣಿಯ ಗುಳಿ ಈಗಲೂ ಇದೆ, ಬರೆಯುತ್ತಾ ಕತ್ತೆತ್ತಿದರೆ ಕಾಣುತ್ತದೆ. ಮೇಜು ಪೂರ್ತಿ ರಕ್ತ. ನಾನೇ ಒರೆಸಿದೆ, ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ, ಆಮೇಲೆ ಹನ್ನೊಂದು ವರ್ಷ ಅವನಿಗೆ ಔಷಧಿ ಹಾಕಿದೆ. ಅವನು ಮತ್ತೆ ಕೈಯೆತ್ತಲಿಲ್ಲ. ಗುರಿ ಹೊಂದಿಸುವ ಕಣ್ಣು ಹೋದದ್ದರಿಂದ ಈ ಮೇಜು ನನ್ನ ಪಾಲಿಗೆ ಬಂತು. ಪಶ್ಚಾತ್ತಾಪ ಇದೆಯೇ ಎಂದು ಕೇಳಬೇಡ. ಒಂದೊಂದು ದಿನ ಇರುತ್ತದೆ.

ಪಿಸಿಪಿಗೆ ಬರುತ್ತೇನೆ. ಅದರ ಸಿಲಿಂಡರಿಗೆ ಮೊದಲೇ ಗಾಳಿಯನ್ನು ಗಿಡಿದು ತುಂಬಿರುತ್ತಾರೆ, ಲಾರಿ ಟೈರಿನ ಗಾಳಿ ಅದರ ಮುಂದೆ ಏನೇನೂ ಅಲ್ಲ. ಒಂದು ಗುಂಡಿಗೆ ಒಂದು ಗುಟುಕಿನಷ್ಟು ಬಿಡುತ್ತದೆ. ಒದೆತವಿಲ್ಲ, ನಳಿಗೆ ಮಡಚುವ ಕಷ್ಟವಿಲ್ಲ, ಮುರಿದು ಕೂಡಿದ ಬೆರಳಿಗೆ ಭಾರ ಬೀಳುವುದಿಲ್ಲ. ನಿನ್ನಂಥ ಕೈಗೆ ಹೇಳಿಮಾಡಿಸಿದ್ದು. ಆದರೆ ಸಾಧುಪ್ರಾಣಿ ಎಂದು ಮೋಸಹೋಗಬೇಡ. ಗಾಳಿ ತುಂಬುವ ಬಾಯಿಗೆ ಎಣ್ಣೆಯ ಪಸೆಯೂ ತಾಗಕೂಡದು. ಸ್ಪ್ರಿಂಗ್ ರೈಫಲಿಗೆ ಎಣ್ಣೆ ಬಿಟ್ಟು ಬಿಟ್ಟು ಅಭ್ಯಾಸವಾದ ನಮ್ಮ ರೇಂಜಿನ ಕೋಚಿನ ಭಾವಮೈದ ಹೋದ ವರ್ಷ ಹೊಸ ಪಿಸಿಪಿಗೂ ಪ್ರೀತಿಯಿಂದ ಎರಡು ಹನಿ ಬಿಟ್ಟ. ಗಾಳಿ ತುಂಬಿದ ಕೂಡಲೇ ಎಣ್ಣೆ ಹೊತ್ತಿ ಸಿಡಿಯಿತು. ಅವನ ಹೆಬ್ಬೆರಳನ್ನು ನಾನೇ ಕಿಟಕಿಯ ಕೆಳಗಿನಿಂದ ಎತ್ತಿ ಕರವಸ್ತ್ರದಲ್ಲಿ ಸುತ್ತಿಕೊಟ್ಟೆ. ಹಾಗಾಗಿ ನೀನು ಗಾಳಿ ತುಂಬುವುದನ್ನು ಕಲಿಯುವುದು ನನ್ನ ಕಣ್ಣೆದುರಿಗೇ, ಈ ಕೋಣೆಯಲ್ಲೇ. ರೇಂಜಿನದೇ ಒಂದು ಪಿಸಿಪಿ ಖಾಲಿ ಕೂತಿದೆ, ಕೋಚಿಗೆ ಹೇಳಿ ನಿನಗೆಂದು ತೆಗೆದಿಟ್ಟಿದ್ದೇನೆ.

ಹೋದ ವರ್ಷ ನಿನ್ನ ಮನೆಯಲ್ಲಿದ್ದ ಮೂರು ದಿನ ನೆನಪಿಗೆ ಬರುತ್ತದೆ. ಕಾಂಪೌಂಡಿನ ಮೇಲೆ ಕೂತಿದ್ದ ಬೆಕ್ಕಿಗೆ ಅಳಿಯಂದಿರು ನಿನ್ನ ರೈಫಲಿನಿಂದ ಹೊಡೆದರು. ಹಿಂಗಾಲು ಎಳೆದುಕೊಂಡು, ಗೋಡೆಯುದ್ದಕ್ಕೂ ರಕ್ತದ ಗೆರೆ ಬಿಡುತ್ತಾ ಅದು ಹೋಯಿತು. "ಗುರಿ ಹೆಂಗೆ ಅತ್ತೇ?" ಎಂದು ನಕ್ಕರು. ಆಮೇಲೆ ಅದೇ ನಗುಮುಖದಲ್ಲಿ ನಳಿಗೆಯನ್ನು ನಿನ್ನ ಕಡೆ ತಿರುಗಿಸಿದರು. ನೀನು ಕೈಯಲ್ಲಿದ್ದ ತಟ್ಟೆಯನ್ನು ಎದೆಗೆ ಅಡ್ಡ ಹಿಡಿದೆ. ಆಟವೆಂದು ನೀನು ಹೇಳಿದೆ, ಸರಿ ಎಂದು ನಾನೂ ಹೇಳಿದೆ. ರೈಫಲ್ ಸರ್ವಿಸ್ ಆಗಬೇಕು ಎಂದು ಸುಳ್ಳು ಹೇಳಿ ತಂದು, ವಾರ ಕಳೆದು ಹಿಂದಕ್ಕೆ ಕಳಿಸಿದೆ. ನೀವು ಅದನ್ನು ನಡುಮನೆಯ ಗೋಡೆಗೆ ತೂಗುಹಾಕಿದಿರಿ.

ಕೈ ಜೋಪಾನ. ಯಾರೊಂದಿಗೂ ಎದುರು ಮಾತು ಬೇಡ, ಇನ್ನು ಮೂರೇ ದಿನ. ಒಳ್ಳೆಯದಾಗಲಿ ತಾಯೀ, ನಿನ್ನ ಕೈ ಮೊದಲಿನಂತಾಗಲಿ.

ಇತಿ ನಿನ್ನ
ಅಮ್ಮ

ತಾ.ಕ.: ಗುಂಡೂ, ನಿನ್ನ ಗೋಡೆಯ ಮೇಲಿರುವ ರೈಫಲಿನೊಳಗೆ ಸ್ಪ್ರಿಂಗೇ ಇಲ್ಲ. ಬೆಕ್ಕಿಗೆ ಹೊಡೆದ ಆ ವಾರವೇ ಬಿಚ್ಚಿ ತೆಗೆದೆ, ನನ್ನ ಮೇಜಿನ ಡ್ರಾಯರಿನಲ್ಲಿದೆ. ಆಮೇಲೆ ನೀವಿಬ್ಬರೂ ಅದನ್ನು ಮಡಚಿಯೇ ನೋಡಿಲ್ಲ, ನೋಡಿದ್ದರೆ ಅವತ್ತೇ ನಿನ್ನ ಗಂಡ ಫೋನ್ ಮಾಡಿ ನನ್ನ ಮೇಲೆ ಹಾರಾಡುತ್ತಿದ್ದ. ಆ ನಳಿಗೆ ಒಂದು ಇರುವೆಯನ್ನೂ ಬಡಿಯಲಾರದು. ಶುಕ್ರವಾರ ಹನ್ನೊಂದಕ್ಕೆ ನಿನ್ನ ಕಚೇರಿಯ ಗೇಟಿನ ಹತ್ತಿರ ಕೋಚಿನ ಗಾಡಿಯಲ್ಲಿ ಇರುತ್ತೇನೆ. ಮನೆಯಲ್ಲಿ ಅವನಿಗೆ ಹೇಳಬೇಡ, ಬಟ್ಟೆಬರೆ ತರಬೇಡ, ಸುಮ್ಮನೆ ನಡೆದು ಬಾ. ಮೊದಲು ಆಸ್ಪತ್ರೆಗೆ ಹೋಗೋಣ. ಬೆರಳು ಹೇಗೆ ಮುರಿಯಿತು ಎಂದು ಡಾಕ್ಟರು ಕೇಳುತ್ತಾರೆ, ನಾನು ನಿನ್ನ ಪಕ್ಕದಲ್ಲೇ ಕೂತಿರುತ್ತೇನೆ. ನೀನು ನಿನ್ನದನ್ನು ಹೇಳು, ಆಮೇಲೆ ನನ್ನ ಎಡಗೈ ತೋರಿಸಿ ನಾನು ನನ್ನದನ್ನು ಹೇಳುತ್ತೇನೆ.