ಹತ್ತು ಗಂಟೆ ಹತ್ತು ನಿಮಿಷಕ್ಕೆ ನಿಂತ ಮುಳ್ಳು

ಹುಬ್ಬಳ್ಳಿ ಮೇಲೋಣಿ
31 ಫೆಬ್ರವರಿ 2214

ಹಳೆಯ ಗಡಿಯಾರಗಳ ನಕಲು ಕಟ್ಟುತ್ತಿರುವ ಹಿಂದಿನವರಿಗೆ ನಮಸ್ಕಾರ.

ತಾರೀಖು ತಪ್ಪಾಗಿಲ್ಲ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತೊಂದು ದಿನ. ನನ್ನ ಕೆಲವು ಮಾತುಗಳೂ ನಿಮಗೆ ಹೀಗೆಯೇ ವಿಚಿತ್ರವೆನಿಸಬಹುದು. ಮನ್ನಿಸಿ, ಅಲ್ಲಲ್ಲೇ ಅರ್ಥ ಹೇಳುತ್ತೇನೆ. ನಾನು ಗುರುಪಾದ. ಮೂವತ್ತು ವರ್ಷ ಓಣಿವಾರ್ತೆ, ಅಂದರೆ ಬೆಳಿಗ್ಗೆ ಬೀದಿಗೋಡೆಯ ಮೇಲೆ ಮೂಡುವ ಸುದ್ದಿ, ಬರೆದಿದ್ದೇನೆ. ಜನ ಮಾಸ್ತರ ಎನ್ನುತ್ತಾರೆ. ಈ ಕಾಗದ ಎರಡು ಸಾವುಗಳ ಬಗ್ಗೆ. ಅದರಲ್ಲಿ ಒಂದಕ್ಕೆ ನಾನು ಕಾರಣ.

ನಮ್ಮಲ್ಲಿ ಹುಟ್ಟಿದ ಮಗುವಿನ ಮಣಿಕಟ್ಟಿನ ತೊಗಲಿನಡಿ ಅಕ್ಕಿಕಾಳಿನಷ್ಟು ದೊಡ್ಡ ಕಾಲಬೀಜ ಇಡುತ್ತಾರೆ. ಹೊತ್ತು ಬೇಕೆನಿಸಿದರೆ ಅದು ಕಿವಿಯಲ್ಲಿ ಹೇಳುತ್ತದೆ. ಮನುಷ್ಯ ಸತ್ತ ನಿಮಿಷವನ್ನೂ ಅದೇ ಬರೆದಿಡುತ್ತದೆ. ಹೀಗಾಗಿ ಗಡಿಯಾರದ ಮುಳ್ಳು ಓದಲು ಬರುವವರು ನಮ್ಮ ಓಣಿಯಲ್ಲಿ ಏಳೇ ಜನ. ಏಳು ಜನವೂ ಗಡಿಯಾರದ ಹುಚ್ಚಿನವರು. ಇವರಲ್ಲಿ ಎರಡು ಪಂಗಡ. ಮೂಲದವರು ನಿಮ್ಮ ಕಾಲದ ಅಸಲಿ ಗಡಿಯಾರಗಳನ್ನು ಮಾತ್ರ ಕೂಡಿಡುತ್ತಾರೆ. ಹೆಚ್ಚಿನವು ಓಡುವುದಿಲ್ಲ. ಜೋಡಣೆಯವರು ಹಳೆಯ ಚಿತ್ರ ನೋಡಿ ಹೊಸದಾಗಿ ಕಟ್ಟುತ್ತಾರೆ. ಉಕ್ಕಿನ ಮುಳ್ಳನ್ನು ಹಿತ್ತಾಳೆ ಪುಡಿಯ ಮೇಲಿಟ್ಟು ಕಾಯಿಸಿ ನೀಲಿ ಬಣ್ಣ ತರಿಸುತ್ತಾರೆ. ನಾವು ಜೋಡಣೆಯವರು ಕಾಲಬೀಜವನ್ನು ಕತ್ತರಿಸಿ ತೆಗೆಸಿಕೊಳ್ಳುತ್ತೇವೆ. ಆ ಗಾಯದ ಕಲೆಯ ಮೇಲೆ ಗಡಿಯಾರ ಕಟ್ಟುತ್ತೇವೆ.

ನಮ್ಮದೊಂದು ಪದ್ಧತಿ ಇದೆ. ಹೊಸ ಗಡಿಯಾರ ಸಿದ್ಧವಾದ ದಿನ ಮುಳ್ಳನ್ನು ಹತ್ತು ಗಂಟೆ ಹತ್ತು ನಿಮಿಷಕ್ಕೆ ಇಟ್ಟು, ಕೀಲಿಗುಂಡಿಯನ್ನು ಹೊರಗೆಳೆದು ನಿಲ್ಲಿಸುತ್ತೇವೆ. ಕಟ್ಟಿದವನು ಒಂದು ದಿನ ಅದನ್ನು ಹಾಗೆಯೇ ಕೈಗೆ ಕಟ್ಟಿಕೊಂಡಿರಬೇಕು. ಮರುದಿನ ಅದನ್ನು ಪಡೆಯುವವನು ಗುಂಡಿ ಒತ್ತಿದರೆ ಗಡಿಯಾರ ಹುಟ್ಟಿತು ಎಂದು ಲೆಕ್ಕ. ಇದು ನಮಗೆ ನಿಮ್ಮಿಂದ ಬಂದದ್ದು. ನಿಮ್ಮ ಜಾಹೀರಾತಿನ ಚಿತ್ರಗಳಲ್ಲಿ ಎಲ್ಲ ಗಡಿಯಾರಗಳೂ ಆ ಹೊತ್ತನ್ನೇ ತೋರಿಸುತ್ತವೆ. ಅದು ಶುಭ ಮುಹೂರ್ತವೆಂದು ನಾವು ತಿಳಿದೆವು.

ನಮ್ಮಲ್ಲಿ ಕೈ ಪಳಗಿದವನು ಮೈಲಾರಪ್ಪ. ಕೆನೆಬಣ್ಣದ ಮುಖದ, ಕೈಯಿಂದ ಕೀಲಿ ಕೊಡುವ ಒಂದು ಗಡಿಯಾರವನ್ನು ತಾನೇ ಕಟ್ಟಿ ಹನ್ನೊಂದು ವರ್ಷದಿಂದ ಧರಿಸುತ್ತಿದ್ದ. ಅವನಿಗೂ ಮೂಲದವರ ಚನ್ನವೀರನಿಗೂ ದಿನವೂ ಜಗಳ. ಕಳೆದ ತಿಂಗಳ ಮೂರರಂದು ಬೆಳಿಗ್ಗೆ ಚಹಾ ಕಟ್ಟೆಯ ಮುಂದೆ ಅವರಾಡಿದ ಮಾತನ್ನು ಓಣಿಯೆಲ್ಲ ಕೇಳಿತು.

"ನಿನ್ನ ಕೈಯಾಗ ಹುಟ್ಟಿದ್ದು ಗಡಿಯಾರ ಅಲ್ಲಪಾ, ವೇಷ," ಎಂದ ಚನ್ನವೀರ.

"ವೇಷ ಆದ್ರೂ ಓಡತೈತಿ. ನಿಂದು ಹೆಣ. ಪೆಟ್ಟಿಗ್ಯಾಗ ಮಲಗೇತಿ."

"ಒಂದಿನ ನಿನ್ನ ಸುತ್ತಿಗಿ ತಗೊಂಡಽ ನಿನ್ನ ನಕಲಿ ಒಡೀತೀನಿ, ನೋಡ್ಕೋತಿರು."

ಜನ ನಕ್ಕರು. ಮೈಲಾರಪ್ಪನೂ ನಕ್ಕ.

ಮಧ್ಯಾಹ್ನ ಹನ್ನೆರಡೂವರೆಗೆ ಮೈಲಾರಪ್ಪನ ಹೆಣ ಅವನ ಅಂಗಡಿಯಲ್ಲಿ ಸಿಕ್ಕಿತು. ಅವನದೇ ಸುತ್ತಿಗೆಯಿಂದ ತಲೆಗೆ ನಾಲ್ಕು ಬಾರಿ ಹೊಡೆದಿದ್ದರು. ಎಡಗಣ್ಣು ಇರಲಿಲ್ಲ. ಗಡಿಯಾರಗಳ ಹಲ್ಲುಗಾಲಿಗಳು ನೆಲದ ರಕ್ತದಲ್ಲಿ ಅಂಟಿಕೊಂಡಿದ್ದವು. ಕಾಲಬೀಜ ತೆಗೆಸಿಕೊಂಡಿದ್ದರಿಂದ ಸತ್ತ ಹೊತ್ತು ದಾಖಲಾಗಿರಲಿಲ್ಲ. ಕೈಯಲ್ಲಿ ಗಡಿಯಾರವಿತ್ತು, ಗಾಜು ಒಡೆದಿತ್ತು. ಪಕ್ಕದ ಅಂಗಡಿಯ ಫಕೀರವ್ವ ಅದನ್ನು ಬಿಚ್ಚಿ, ಹತ್ತಾರು ಜನರೊಡನೆ ನನ್ನ ಬಾಗಿಲಿಗೆ ತಂದಳು.

"ಮಾಸ್ತರ, ಮುಳ್ಳು ಓದಾಕ ನಿಮಗ ಬರ್ತೈತಿ. ಎಷ್ಟಕ್ಕ ನಿಂತೈತಿ ಹೇಳ್ರಿ."

ಅದು ಅವನು ದಿನವೂ ಕಟ್ಟುವ ಗಡಿಯಾರ ಎಂದುಕೊಂಡೆ. ಏಟಿಗೆ ನಿಂತಿದೆ ಎಂದುಕೊಂಡೆ. ಕಂಡದ್ದನ್ನು ಕಂಡ ಹಾಗೆ ಹೇಳುವುದು ನನ್ನ ಕಸುಬು. "ಹತ್ತು ಗಂಟೆ ಹತ್ತು ನಿಮಿಷ," ಎಂದೆ.

"ಹತ್ತಕ್ಕ ಚನ್ನವೀರ ಒಳಗಿದ್ದ. ನಾನಽ ನೋಡೇನಿ," ಎಂದಳು ಫಕೀರವ್ವ. "ಬಾಯಿ ಮಾಡ್ಕೋತ ಹ್ವಾದ."

ಚನ್ನವೀರನನ್ನು ಊಟದ ತಟ್ಟೆಯ ಮುಂದಿನಿಂದ ಎಳೆದು ತಂದರು. ನಾನು ಹಿಂದೆ ಓಡಿದೆ. ಕಬ್ಬಿಣದ ಸಲಾಕೆಯಿಂದ ಮೊದಲು ಮೊಣಕಾಲು ಒಡೆದರು. ಅವನು ಕುಳಿತಲ್ಲಿಂದಲೇ ನನ್ನನ್ನು ಕಂಡ.

"ನಾ ಬೈದೇನಿ, ಬಡಿದಿಲ್ಲ. ನಾ ಎದ್ದು ಹೊರಗ ಬರೂ ಮುಂದ ಅಂವ ಚಾ ಕುಡೀಲಿಕ್ಕತ್ತಿದ್ದ. ಮಾಸ್ತರ, ಹೇಳ್ರಿ ಇವರಿಗೆ."

ನಾನು ಕೈಯಲ್ಲಿದ್ದ ಗಡಿಯಾರದ ಮುಖವನ್ನು ಮತ್ತೆ ನೋಡಿದೆ. ಮುಳ್ಳು ತೋರಿಸಿದ್ದು ಹತ್ತೂ ಹತ್ತು. ಸಲಾಕೆ ಅವನ ದವಡೆಗೆ ಬಿತ್ತು, ಆಮೇಲೆ ನೆತ್ತಿಗೆ. ಕಾಲು ಹಿಡಿದು ನಲ್ಲಿಕಟ್ಟೆಯವರೆಗೆ ಎಳೆದರು. ಉಸಿರು ಇನ್ನೂ ಇತ್ತು. ಕೊಲೆಗಾರನಿಗೆ ಹೊತ್ತು ಇರಬಾರದು ಎಂದು ಯಾರೋ ಅವನ ಮಣಿಕಟ್ಟು ಸೀಳಿ ಕಾಲಬೀಜವನ್ನು ಬೆರಳಿನಿಂದ ಕಿತ್ತರು. ಅದು ಹೊರಬರುವ ಮೊದಲೇ ಅವನ ಉಸಿರು ನಿಂತಿತ್ತು. ಅದರಲ್ಲಿ ಅವನ ಸಾವು ಸರಿಯಾಗಿ ದಾಖಲಾಗಿದೆ: ಒಂದು ಗಂಟೆ ಇಪ್ಪತ್ತಾರು ನಿಮಿಷ.

ಜನ ಚದುರಿದ ಮೇಲೆ ಗಡಿಯಾರ ನನ್ನ ಕೈಯಲ್ಲೇ ಉಳಿದಿತ್ತು. ರಕ್ತ ಒರೆಸಲು ತಿರುಗಿಸಿದೆ. ಕೀಲಿಗುಂಡಿ ಹೊರಗಿತ್ತು. ಹನ್ನೊಂದು ವರ್ಷ ಕೈಯಲ್ಲಿದ್ದ ಗಡಿಯಾರದ ಬೆನ್ನಿನಲ್ಲಿ ಗೀರುಗಳಿರಬೇಕು. ಇದರಲ್ಲಿ ಒಂದೂ ಇರಲಿಲ್ಲ. ಗುಂಡಿ ಒತ್ತಿದೆ. ಗಡಿಯಾರ ಓಡತೊಡಗಿತು. ಒಳಗಿನ ಯಂತ್ರಕ್ಕೆ ಯಾವ ಏಟೂ ತಾಗಿರಲಿಲ್ಲ, ಗಾಜು ಮಾತ್ರ ಒಡೆದಿತ್ತು. ಮೈಲಾರಪ್ಪ ತನ್ನ ಗಡಿಯಾರದ್ದೇ ನಕಲನ್ನು ಗುಟ್ಟಾಗಿ ಕಟ್ಟಿದ್ದ. ಹಿಂಬದಿಯ ಮುಚ್ಚಳ ತೆರೆದಾಗ ಒಳಗೆ ನನ್ನ ಹೆಸರು ಕೊರೆದಿತ್ತು. ಮರುದಿನ ಗುಂಡಿ ಒತ್ತಬೇಕಾಗಿದ್ದವನು ನಾನೇ.

ಹನ್ನೊಂದು ದಿನದ ಮೇಲೆ ಇಬ್ಬರು ಲೋಹಗಳ್ಳರು ಬೇರೊಂದು ಅಂಗಡಿಯಲ್ಲಿ ಸಿಕ್ಕಿಬಿದ್ದರು. ಮೈಲಾರಪ್ಪನ ಹಳೆಯ ಗಡಿಯಾರ ಅವರ ಚೀಲದಲ್ಲಿತ್ತು. ಕೊಂದದ್ದು ಹನ್ನೊಂದೂವರೆಗೆ ಎಂದು ಒಪ್ಪಿಕೊಂಡರು. ಸಲಾಕೆ ಹಿಡಿದವರು ಯಾರೆಂದು ಮಾತ್ರ ಓಣಿಯಲ್ಲಿ ಯಾರಿಗೂ ನೆನಪಿಲ್ಲ. ನಾನು ಎಲ್ಲರ ಹೆಸರು ಬರೆದು ಗೋಡೆಗೆ ಹಾಕಿದೆ, ಮೊದಲು ನನ್ನದು. ಮಧ್ಯಾಹ್ನದೊಳಗೆ ಗೋಡೆಯನ್ನೇ ಒಡೆದರು. ನನ್ನ ಬಲಗೈಯ ಮೂರು ಬೆರಳು ಹೋದವು. ಈ ಅಕ್ಷರ ಎಡಗೈಯದು.

ಈ ಕಾಗದ ಹಿನ್ನಂಚೆಯಲ್ಲಿ ಬರುತ್ತದೆ. ಹಿಂದಿನ ಕಾಲಕ್ಕೆ ಹೋಗುವ ಅಂಚೆ ಅದು, ಇನ್ನೂರು ವರ್ಷಕ್ಕಿಂತ ಹತ್ತಿರ ಎಲ್ಲೂ ನಿಲ್ಲುವುದಿಲ್ಲ. ನಿಲ್ಲುವಂತಿದ್ದರೆ ಕಳೆದ ತಿಂಗಳಿಗೇ ಬರೆಯುತ್ತಿದ್ದೆ. ಆದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ. ನೀವು ಕಟ್ಟಿದ ಗಡಿಯಾರದ ಚಿತ್ರ ತೆಗೆಯುವಾಗ ಮುಳ್ಳನ್ನು ಹತ್ತೂ ಹತ್ತಕ್ಕೆ ಇಡಬೇಡಿ. ಒಬ್ಬರು ನಾಲ್ಕು ಗಂಟೆಗೆ ಇಡಿ, ಇನ್ನೊಬ್ಬರು ಏಳೂಕಾಲಿಗೆ. ಓಡುತ್ತಿದ್ದರೆ ಓಡಲು ಬಿಡಿ. ಆಗ ಈ ಪದ್ಧತಿ ನಮ್ಮವರೆಗೆ ಬರುವುದಿಲ್ಲ. ಮೈಲಾರಪ್ಪ ಆಗಲೂ ಸಾಯುತ್ತಾನೆ, ಅದನ್ನು ತಪ್ಪಿಸುವ ದಾರಿ ನನಗೆ ತಿಳಿದಿಲ್ಲ. ಆದರೆ ಚನ್ನವೀರ ತಟ್ಟೆಯ ಮುಂದೆ ಕುಳಿತು ಊಟ ಮುಗಿಸುತ್ತಾನೆ.

ಗುರುಪಾದ