ಬಾಯಿಗೆ ಬರಬಾರದ ಊರು

ಅತ್ತೆಯವರಿಗೆ,

ನೀವು ಹೋಗಿ ವರ್ಷ ತುಂಬುತ್ತಾ ಬಂತು. ಬದುಕಿದ್ದಾಗ ನಿಮ್ಮೆದುರು ತಲೆ ಎತ್ತಲಿಲ್ಲ, ಈಗಲಾದರೂ ಕೇಳಿ. ‘ನೀವು’ ಅನ್ನುತ್ತಿರುವುದು ಗೌರವಕ್ಕಲ್ಲ, ಬಾಯಿಗೆ ಹತ್ತಿದ ಅಭ್ಯಾಸ. ನಿಮ್ಮನ್ನು ಮಣ್ಣು ಮಾಡಿ ಬಂದರೂ ನನ್ನ ಸಿಟ್ಟು ಮಣ್ಣಾಗಲಿಲ್ಲ.

ಮದುವೆಯಾಗಿ ಗುತ್ತಲಿಗೆ ಬಂದ ವಾರ ನೆನಪಿದೆಯೇ? ನಾನು ಮದ್ದೂರಿನ ಹುಡುಗಿ. ನಿಮ್ಮ ಮಗನ ಹೆಸರು ಮದ್ದೂರಯ್ಯ, ಮದ್ದೂರಮ್ಮನಿಗೆ ಹರಕೆ ಹೊತ್ತು ಹೆತ್ತ ಮಗನಂತೆ. ನೀರು ಸೇದುತ್ತಾ ಪಕ್ಕದ ಮನೆಯ ಸಾಕಮ್ಮನಿಗೆ ನಮ್ಮ ಮದ್ದೂರಿನ ಬಾವಿ ನೀರು ಸಿಹಿ ಅಂದೆ, ಅಷ್ಟೇ. ನೀವು ಬಂದು ಕೊಡ ಕಿತ್ತುಕೊಂಡಿರಿ. ‘ಗಂಡನ್ ಎಸ್ರು ಇಡ್ದು ಏಳೀಯಾ? ಅವ್ನ ಆಯಸ್ಸು ಕಳೀತದೆ ಕಣಮ್ಮಿ. ಇನ್ಮೇಲೆ ಒಳೆ ಊರು ಅನ್ನು.’ ಶಿಂಷಾ ಹೊಳೆಯ ದಡದಲ್ಲಿದೆಯಲ್ಲ, ಅದಕ್ಕೆ ಒಳೆ ಊರು. ಗಂಡನ ಹೆಸರು ಬಿಡುವುದು ಎಲ್ಲ ಸೊಸೆಯರ ಪಾಡು. ನನ್ನ ಹಾಗೆ ತವರೂರಿನ ಹೆಸರನ್ನೂ ಬಿಟ್ಟವಳು ಆ ಬೀದಿಯಲ್ಲಿ ಇನ್ನೊಬ್ಬಳಿದ್ದಳೇ?

ಸಂಜೆ ಜಗಲಿಯ ಮೇಲೆ ಎಲೆ ಅಡಿಕೆ ಜೊತೆಗೆ ಊರುಗಳ ಹೆಸರನ್ನೂ ನೀವೆಲ್ಲ ಜಗಿಯುತ್ತಿದ್ದಿರಿ. ಮಳವಳ್ಳಿ ನಿಮ್ಮ ಬಾಯಲ್ಲಿ ಮಳೊಳ್ಳಿ. ಕಿರುಗಾವಲು ಕಿರ್ಗಾವ್ಲು. ಹಲಗೂರು ಅಲಗೂರು, ಶಿವಪುರ ಸಿವ್ಪುರ, ನಮ್ಮ ಗುತ್ತಲೂ ಗುತ್ಲು. ಯಾವ ಊರಿನ ಮೂಗು ಕುಯ್ದರೂ ಕೇಳುವವರಿರಲಿಲ್ಲ. ಸಾಕಮ್ಮನ ಗಂಡ ಕಾಳಯ್ಯ, ಹಾಗಾಗಿ ಅವಳಿಗೆ ಕಾಳಮ್ಮನ ಬೀದಿ ಬರೀ ‘ಅಮ್ಮನ್ ಬೀದಿ’. ನಗುತ್ತಲೇ ಹೇಳುತ್ತಿದ್ದಳು. ಅವಳು ನಗಬಹುದಿತ್ತು, ಅದೇನು ಅವಳು ಹುಟ್ಟಿದ ಬೀದಿಯಲ್ಲ. ಆದರೆ ನಾನು...

ಒಮ್ಮೆ ಮಗಳನ್ನು ಮಲಗಿಸುವಾಗ ನಾಲಿಗೆ ಜಾರಿ ಮದ್ದೂರು ಅಂದುಬಿಟ್ಟೆ. ಮಾರನೆಯ ದಿನವೇ ನಿಮ್ಮ ಮಗನಿಗೆ ಚಳಿಜ್ವರ ಬರಬೇಕೇ? ನಾಲೆ ನೀರು ಬಂದ ಮೇಲೆ ಮಂಡ್ಯದ ಸುತ್ತ ಚಳಿಜ್ವರ ಬರದ ಮನೆ ಯಾವುದಿತ್ತು ಹೇಳಿ. ನೀವು ಮಾತ್ರ ಬೀದಿಯವರ ಮುಂದೆಲ್ಲ, ‘ಇವ್ಳ ನಾಲ್ಗೆ ಮಾಡಿದ್ ಕ್ಯಾಮೆ ಇದು’ ಅಂದಿರಿ. ಜ್ವರ ಬಿಟ್ಟು ನಿಮ್ಮ ಮಗ ಎದ್ದು ಗದ್ದೆಗೆ ಹೋದ ಮೇಲೂ ನಾನು ಅದನ್ನೇ ನಂಬಿಕೊಂಡಿದ್ದೆ. ಅಷ್ಟು ಹೆದರಿಸಿದ್ದಿರಿ.

ಯುದ್ಧ ನಡೆಯುತ್ತಿದ್ದ ಕಾಲ, ಅವ್ವನಿಗೆ ಕಡೇ ಹೊತ್ತು ಅಂತ ನಮ್ಮಣ್ಣ ಹೇಳಿಕಳಿಸಿದ. ನಿಮ್ಮ ಮಗ ಕಬ್ಬಿನ ಗಾಡಿ ಹೊಡೆದುಕೊಂಡು ಹೋಗಿದ್ದರು. ನಾನೊಬ್ಬಳೇ ಮಂಡ್ಯದ ಸ್ಟೇಷನ್ನಿಗೆ ಹೊರಟೆ. ಹೊಸಿಲಲ್ಲಿ ನಿಂತು ನೀವು ಹೇಳಿದ್ದು ಒಂದೇ ಮಾತು, ‘ಬಾಯಿ ಜ್ವಾಪಾನ.’ ಟಿಕೆಟ್ಟಿನ ಕಿಂಡಿಯಲ್ಲಿ ಯಾರೋ ಹೊಸ ಗುಮಾಸ್ತ. ‘ಒಳೆ ಊರ್ಗೆ ಒಂದ್ ಟಿಕೀಟು ಕೊಡಿ ಸ್ವಾಮಿ’ ಅಂದೆ. ‘ಈ ಲೈನಿನಲ್ಲಿ ಊರೂರಿಗೂ ಹೊಳೆ ಇದೆಯಮ್ಮ, ಯಾವೂರು, ಹೆಸರು ಹೇಳು’ ಅಂದ. ಮೂಡಲ ದಿಕ್ಕಿಗೆ ಕೈ ತೋರಿಸಿದೆ. ಹಿಂದಿನವರು ನಕ್ಕರು. ಮೂರಕ್ಷರ ಗಂಟಲಿಗೆ ಬಂದು ನಿಂತಿತ್ತು ಅತ್ತೆ. ಒಂದು ಕಡೆ ಅವ್ವ, ಇನ್ನೊಂದು ಕಡೆ ಗಂಡ. ಯಾರನ್ನು ಬಿಡಲಿ? ಗುಮಾಸ್ತ ಪಕ್ಕಕ್ಕೆ ನಿಲ್ಲಲು ಹೇಳಿದ. ಕೊನೆಗೆ ಒಬ್ಬ ಮುದುಕಿ, ‘ಗಂಡನ್ ಎಸ್ರು ಇರ್ಬೇಕು ಕಣಪ್ಪ, ಮದ್ದೂರ್ಗೆ ಕೊಡು’ ಅಂದಳು. ಅಷ್ಟು ಹೊತ್ತಿಗೆ ರೈಲು ಹೊರಟಾಗಿತ್ತು.

ಪೆಟ್ರೋಲಿಲ್ಲದ ಆ ಕಾಲದಲ್ಲಿ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸು ಹಿಡಿದು ಮದ್ದೂರಿಗೆ ಹೋಗುವಷ್ಟರಲ್ಲಿ ಅವ್ವನ ಹಣೆಗೆ ವಿಭೂತಿ ಬಳಿದು ಜಗಲಿಯ ಮೇಲೆ ಕೂರಿಸಿದ್ದರು. ‘ರೈಲ್ ಕೂಗ್ದಾಗ ಬಂದ್ಲಾ ಅಂದ್ಲು, ಆಮ್ಯಾಕೆ ಮಾತಾಡ್ನಿಲ್ಲ ಕಣವ್ವ’ ಅಂದ ಅಣ್ಣ. ತಿಥಿ ಮುಗಿಸಿ ಬಂದ ನನ್ನನ್ನು ನೀವು ಕೇಳಿದ್ದೇನು? ಅವ್ವನ ಮುಖ ಸಿಕ್ಕಿತಾ ಅಂತಲೇ? ‘ಎಸ್ರು ಏಳ್ನಿಲ್ವಲ್ಲ ಸದ್ಯ?’ ಅಂದಿರಿ. ಆವತ್ತಿನಿಂದ ನಿಮಗೆ ಮುದ್ದೆ ಬಡಿಸಿದೆ, ಕಾಲು ಒತ್ತಿದೆ, ಒಂದು ದಿನವೂ ಕ್ಷಮಿಸಲಿಲ್ಲ. ಈಗಲೂ ಇಲ್ಲ.

ಈಗ ನಿಮ್ಮ ಮಗನ ಹೆಸರನ್ನು ಅವರ ಎದುರೇ ಹೇಳುತ್ತೇನೆ. ಮೊದಲ ಸಲ ಬೆಚ್ಚಿಬಿದ್ದರು, ಆಮೇಲೆ ‘ಏನಮ್ಮಿ’ ಅಂತ ಓಗೊಟ್ಟರು. ಆಯಸ್ಸಿಗೇನೂ ಆಗಿಲ್ಲ, ಎರಡು ಮುದ್ದೆ ಸಲೀಸಾಗಿ ಇಳಿಯುತ್ತವೆ.

ನಿಮಗೇ ಗೊತ್ತಿಲ್ಲದ ಸುದ್ದಿ ಒಂದಿದೆ. ಕೊನೆಯ ಜ್ವರದಲ್ಲಿ ನೀವು ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದಿರಿ, ಹತ್ತಿರ ನಾನೊಬ್ಬಳೇ ಇದ್ದೆ. ಮಾವನವರ ಹೆಸರು ಕೆಂಪಯ್ಯ. ಅವರು ಹೋಗಿ ಎಷ್ಟೋ ವರ್ಷವಾದರೂ ಕೆಂಪು ಸೀರೆಗೆ ‘ಕುಂಕುಮದ ಬಣ್ಣದ್ದು’ ಅನ್ನುತ್ತಿದ್ದವರು ನೀವು. ಅವರು ನಿಮ್ಮ ಸೋದರತ್ತೆ ಮಗನಲ್ಲವೇ, ಒಂದೇ ಹಟ್ಟಿಯಲ್ಲಿ ಆಡಿ ಬೆಳೆದವರು. ಕಣ್ಣು ಮುಚ್ಚಿಕೊಂಡೇ, ಎಳೇ ಹುಡುಗಿಯ ದನಿಯಲ್ಲಿ ಕೂಗಿದಿರಿ, ‘ಕೆಂಪಾ, ಬಾರ್ಲಾ, ಒತ್ತಾಯ್ತು, ಅಟ್ಟಿಗೋಗವ.’ ಮತ್ತೆ ಮತ್ತೆ ಕೂಗಿದಿರಿ. ನಿಮ್ಮ ಮುಖ ಅಷ್ಟು ಹಗುರವಾಗಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ನನಗೆ ಅಳು ಬಂತು, ಅದರ ಹಿಂದೆಯೇ ಇನ್ನಷ್ಟು ಸಿಟ್ಟು ಬಂತು. ಹೆಸರು ಹಿಡಿದು ಕೂಗಲು ಒಳಗೊಳಗೇ ಅಷ್ಟು ಆಸೆ ಇಟ್ಟುಕೊಂಡವರು ನನಗೆ ಒಂದು ಟಿಕೆಟ್ಟಿನ ಮಟ್ಟಿಗಾದರೂ ಬಾಯಿ ಬಿಡಲು ಹೇಳಬಾರದಿತ್ತೇ?

ಕಡೇ ಮಾತೇನು ಅಂತ ಬೀದಿಯ ಹೆಂಗಸರು ಕೇಳಿದಾಗ ‘ಸಿವ ಸಿವಾ ಅಂದ್ರು’ ಅಂದೆ. ಇನ್ನು ಮುಚ್ಚಿಡುವುದಿಲ್ಲ. ನಿಮ್ಮ ಮೊಮ್ಮಗಳನ್ನು ಕಿರುಗಾವಲಿಗೆ ಕೊಡುತ್ತಿದ್ದೇವೆ. ಚಪ್ಪರದಲ್ಲಿ ಎರಡೂ ಕಡೆಯ ಹೆಂಗಸರು ಕೂತಿರುವಾಗ, ಅವಳ ಹೊಸ ಅತ್ತೆಯ ಎದುರೇ, ನೀವು ಕೂಗಿದ್ದನ್ನು ನಿಮ್ಮ ದನಿಯಲ್ಲೇ ಕೂಗಿ ತೋರಿಸುತ್ತೇನೆ. ಅದನ್ನು ಕೇಳಿಸಿಕೊಂಡ ಮೇಲೆಯೇ ಹುಡುಗಿ ಗಾಡಿ ಹತ್ತುವುದು.

ಮದ್ದೂರಿನ ಪುಟ್ಟತಾಯಿ